ಕಾರ್ಖಾನೆ ಅಂಗಳದಲ್ಲಿ ಟಿಟ್ಟಿಭ ಮೊಟ್ಟೆಯಿಟ್ಟರೆ ಏನು ಮಾಡಬೇಕು?

ಮಾರ್ಚ್‌ನಿಂದ ಆಗಸ್ಟ್‌ವರೆಗಿನ ದಿನಗಳಲ್ಲಿ ಕೈಗಾರಿಕಾ ಪ್ರದೇಶ, ಐಟಿ ಪಾರ್ಕ್, ಕಾಲೇಜು ಆವರಣಗಳ ಖಾಲಿ ಜಾಗದಲ್ಲಿ ಹಕ್ಕಿಯೊಂದು ನಿಮ್ಮನ್ನು ಕಂಡೊಡನೆ ಅರಚಾಡುತ್ತಾ ತಲೆಯ ಮೇಲೆ ಸುತ್ತತೊಡಗಿದರೆ ನಿಂತಲ್ಲೇ ನಿಲ್ಲಿ. ಉದ್ದನೆಯ ಹಳದಿ ಕಾಲು, ಕಪ್ಪು ತಲೆ ಮತ್ತು ಎದೆ, ಕಣ್ಣಿನ ಮುಂದೆ ಕೆಂಪು ತೊಗಲು ಇದ್ದರೆ ಅದು ಕೆಂಪು ಟಿಟ್ಟಿಭ. ನೆಲದ ಮೇಲೆಯೇ ಮೊಟ್ಟೆಯಿಡುವ ಹಕ್ಕಿ. ಮೊಟ್ಟೆಯೋ ಮರಿಯೋ ಹತ್ತಿರದಲ್ಲೇ ಇರುತ್ತದೆ. ಕಾಲಬುಡ ನೋಡಿಕೊಳ್ಳುತ್ತಾ ಬಂದ ದಾರಿಯಲ್ಲೇ ಹಿಂದೆ ಸರಿಯಿರಿ.

ಗೂಡನ್ನು ಹುಡುಕಬೇಕಾದದ್ದು ದೂರದಿಂದ, ಕುಳಿತುಕೊಂಡು. ನಿಲ್ಲಿಸಿದ ಕಾರಿನೊಳಗೆ ಕೂತರೆ ಇನ್ನೂ ಒಳ್ಳೆಯದು. ಕಾರಿಗೆ ಹೆದರದ ಹಕ್ಕಿ ಮನುಷ್ಯನ ಆಕಾರಕ್ಕೆ ಹೆದರುತ್ತದೆ. ಸ್ವಲ್ಪ ಹೊತ್ತು ಕಾದರೆ ಅದು ನಡೆದುಕೊಂಡೇ ವಾಪಸು ಬರುತ್ತದೆ. ನೇರವಾಗಿ ಬರುವುದಿಲ್ಲ. ನಾಲ್ಕು ಹೆಜ್ಜೆ, ನಿಲುಗಡೆ, ಅತ್ತಿತ್ತ ನೋಟ. ಕೆಲವೊಮ್ಮೆ ಏನೂ ಇಲ್ಲದ ಜಾಗದಲ್ಲಿ ಕಾವಿಗೆ ಕೂತಂತೆ ನಟಿಸಿ ನಿಮ್ಮ ದಿಕ್ಕು ತಪ್ಪಿಸುತ್ತದೆ. ಒಂದೇ ಕಡೆ ಮತ್ತೆ ಮತ್ತೆ ಬಂದು ನೆಮ್ಮದಿಯಾಗಿ ಕೂತರೆ ಅದೇ ಗೂಡು.

ಗೂಡೆಂದರೆ ಜಲ್ಲಿಯ ನಡುವೆ ಕೆರೆದ ಸಣ್ಣ ತಗ್ಗು, ಅಷ್ಟೇ. ಅದರೊಳಗೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ, ಚೂಪು ತುದಿಗಳು ಒಳಮುಖವಾಗಿ. ಮಣ್ಣಿನ ಬಣ್ಣದ ಮೇಲೆ ಕಪ್ಪು ಮಚ್ಚೆ. ಎರಡು ಹೆಜ್ಜೆ ದೂರದಲ್ಲಿ ನಿಂತರೂ ಕಲ್ಲು ಯಾವುದು, ಮೊಟ್ಟೆ ಯಾವುದು ತಿಳಿಯುವುದಿಲ್ಲ. ಗಾಡಿಯ ಟೈರು ಮೊಟ್ಟೆಗಳ ಮೇಲೆ ಹರಿಯುವುದು ಇದೇ ಕಾರಣಕ್ಕೆ.

ಗುರುತು ಹಾಕುವುದು

ಸಂಜೆ ಬಿಸಿಲು ಇಳಿದ ಮೇಲೆ, ಗೂಡಿನಿಂದ ಐದಾರು ಮೀಟರ್ ಆಚೆಗೆ ಸುತ್ತಲೂ ಟ್ರಾಫಿಕ್ ಕೋನ್ ಅಥವಾ ಸುಣ್ಣ ಬಳಿದ ಕಲ್ಲುಗಳನ್ನು ಇಡಿ. ಕೆಲಸ ಬೇಗ ಮುಗಿಸಿ ಹೊರಟುಬಿಡಿ. ಗಾಳಿಗೆ ಪಟಪಟಿಸುವ ರಿಬ್ಬನ್ ಬೇಡ. ನೆರಳಿಗೆಂದು ಕೊಡೆ, ರಟ್ಟು, ಬಲೆ ಯಾವುದೂ ಬೇಡ. ನೀರಿನ ತಟ್ಟೆಯನ್ನೂ ಪಕ್ಕದಲ್ಲಿಡಬೇಡಿ, ಅದಕ್ಕೆ ಕಾಗೆ, ನಾಯಿ ಬರುತ್ತವೆ.

ನೀರನ್ನು ಹಕ್ಕಿಯೇ ಹುಡುಕಿಕೊಳ್ಳುತ್ತದೆ. ಏಪ್ರಿಲ್ ಮಧ್ಯಾಹ್ನ ಗಮನಿಸಿ: ಎಸಿ ಪೈಪಿನಿಂದ ತೊಟ್ಟಿಕ್ಕಿ ನಿಂತ ನೀರಲ್ಲಿ ಟಿಟ್ಟಿಭ ಹೊಟ್ಟೆಯ ಗರಿಗಳನ್ನು ಅದ್ದಿ, ಒದ್ದೆ ಮೈಯಲ್ಲೇ ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಆ ಹೊತ್ತಿನಲ್ಲಿ ಅದು ಕೂರುವುದು ಮೊಟ್ಟೆಯನ್ನು ತಂಪಾಗಿಡಲು. ಊಟದ ಬಿಡುವಿನಲ್ಲಿ ಒಬ್ಬರಾದ ಮೇಲೊಬ್ಬರು ಮೊಬೈಲ್ ಹಿಡಿದು ಹೋಗಿ ಅದನ್ನು ಎಬ್ಬಿಸಿದರೆ ಸುಡುಬಿಸಿಲಿಗೆ ಬಿದ್ದ ಮೊಟ್ಟೆಯೊಳಗಿನ ಜೀವ ಉಳಿಯುವುದು ಕಷ್ಟ. ನನ್ನ ಮಟ್ಟಿಗೆ ಹತ್ತಿರದ ಫೋಟೊ ಕಾಗೆಗಿಂತ ದೊಡ್ಡ ಶತ್ರು. ಕಚೇರಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಲೇಬೇಕೆಂದರೆ ದೂರದಿಂದ ತೆಗೆದದ್ದನ್ನು ಹಾಕಿ, ಜಾಗ ಹೇಳಬೇಡಿ.

ಮಾತಾಡಬೇಕಾದವರು

ಹಕ್ಕಿಯನ್ನು ಕಾಯುವುದೆಂದರೆ ಮುಕ್ಕಾಲು ಪಾಲು ಮನುಷ್ಯರನ್ನು ಮಾತಾಡಿಸುವ ಕೆಲಸ. ಮ್ಯಾನೇಜರ್‌ಗೆ ಇಮೇಲ್ ಕಳಿಸಿದರೆ ಮುಗಿಯಿತು ಎಂದುಕೊಳ್ಳಬೇಡಿ. ಹುಲ್ಲು ಕತ್ತರಿಸುವವರು, ಸೆಕ್ಯುರಿಟಿಯವರು, ಕ್ಯಾಬ್ ಚಾಲಕರು, ಜೆಸಿಬಿ ತರುವ ಗುತ್ತಿಗೆದಾರರು, ಇವರ ಬಳಿ ನೀವೇ ಹೋಗಿ ಜಾಗ ತೋರಿಸಿ. ಪಾಳಿ ಬದಲಾಗುವುದರಿಂದ ರಾತ್ರಿಯ ಗಾರ್ಡಿಗೂ ಹೇಳಿ. ಭಾನುವಾರ ಎಲ್ಲರೂ ಮನೆಯಲ್ಲಿರುವಾಗಲೇ ಆವರಣ ಸ್ವಚ್ಛಗೊಳಿಸುವ ಪದ್ಧತಿ ಅನೇಕ ಕಡೆ ಇದೆ, ಅದನ್ನು ಮೊದಲೇ ವಿಚಾರಿಸಿಕೊಳ್ಳಿ. ಕಾವು 28ರಿಂದ 30 ದಿನ ಎಂದು ಲೆಕ್ಕ ಕೊಟ್ಟರೆ ಜನ ಸಹಕರಿಸುತ್ತಾರೆ. ‘ಸ್ವಲ್ಪ ದಿನ ಬಿಡಿ’ ಎಂದರೆ ಮರೆಯುತ್ತಾರೆ. ಹಳ್ಳಿಯಿಂದ ಬಂದ ಸೆಕ್ಯುರಿಟಿಯವರಿಗೆ ಈ ಹಕ್ಕಿಯ ರೀತಿನೀತಿ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಕಾವಲಿನ ಮುಖ್ಯ ಹೊಣೆ ಅವರಿಗೇ ಒಪ್ಪಿಸಿ.

ಕಾಮಗಾರಿ ನಿಲ್ಲಿಸಲಾಗದು ಎಂದು ಯಾರಾದರೂ ಪಟ್ಟುಹಿಡಿದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ನೆನಪಿಸಿ. ಕಾಡುಹಕ್ಕಿಯ ಮೊಟ್ಟೆ ತೆಗೆಯುವುದು, ಗೂಡು ಕೆಡಿಸುವುದು ಅದರಡಿ ಬೇಟೆಯ ವ್ಯಾಖ್ಯೆಗೇ ಸೇರುತ್ತದೆ. ಅರಣ್ಯ ಇಲಾಖೆಗೆ ತಿಳಿಸಿ. ಮೊಟ್ಟೆಗಳನ್ನು ನೀವೇ ಪಕ್ಕಕ್ಕೆ ಸರಿಸಲು ಹೋಗಬೇಡಿ. ಹೊಸ ಜಾಗವನ್ನು ಹಕ್ಕಿ ಒಪ್ಪುತ್ತದೆಂಬ ಖಾತ್ರಿಯಿಲ್ಲ.

ಗೂಡು ಖಾಲಿಯಾದಾಗ

ಒಂದು ಬೆಳಿಗ್ಗೆ ತಗ್ಗು ಬರಿದಾಗಿರುತ್ತದೆ. ನಾಯಿ ತಿಂದಿತೆಂದು ಕೂಡಲೇ ತೀರ್ಮಾನಿಸಬೇಡಿ. ಟಿಟ್ಟಿಭದ ಮರಿಗಳು ಮೊಟ್ಟೆಯೊಡೆದು ಹೊರಬಂದ ಕೆಲವೇ ಗಂಟೆಗಳಲ್ಲಿ ನಡೆಯುತ್ತವೆ, ತಮ್ಮ ಹುಳುಹುಪ್ಪಟೆ ತಾವೇ ಹೆಕ್ಕುತ್ತವೆ. ದೊಡ್ಡವು ಇನ್ನೂ ಕೂಗಾಡುತ್ತಿದ್ದರೆ ಮರಿಗಳು ಅಲ್ಲೇ ಇವೆ.

ನಿಜವಾದ ಅಪಾಯ ಶುರುವಾಗುವುದು ಈಗ. ತಾಯಿಯೋ ತಂದೆಯೋ ಎಚ್ಚರಿಕೆಯ ಕೂಗು ಕೊಟ್ಟೊಡನೆ ಮರಿ ನೆಲಕ್ಕೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ, ಗಾಡಿ ಬಂದರೂ ಕದಲುವುದಿಲ್ಲ. ಆ ಭಾಗದಲ್ಲಿ ವಾಹನಗಳು ನಡಿಗೆಯ ವೇಗದಲ್ಲಿ ಹೋಗಲಿ, ಮುಂದೊಬ್ಬರು ನೆಲ ನೋಡುತ್ತಾ ನಡೆಯಲಿ. ತೆರೆದ ಚರಂಡಿಗೆ ಜಾಲರಿ ಹೊದಿಸಿ. ಆಗದಿದ್ದರೆ ಒಳಗಿನಿಂದ ಹತ್ತಿಬರಲು ಅಲ್ಲಲ್ಲಿ ಹಲಗೆ ಓರೆಯಾಗಿ ಇಡಿ. ಬಿದ್ದ ಮರಿಯನ್ನು ಎತ್ತಿ ಹತ್ತಿರದ ನೆರಳಲ್ಲಿ ಬಿಟ್ಟು ದೂರ ಸರಿದರೆ ದೊಡ್ಡವು ಬರುತ್ತವೆ. ರಟ್ಟಿನ ಡಬ್ಬಿಯಲ್ಲಿಟ್ಟು ಮನೆಗೆ ಒಯ್ಯುವುದು ಉಪಕಾರವಲ್ಲ.

ಮರಿಗಳು ಹಾರಲು ತಿಂಗಳಿಗೂ ಹೆಚ್ಚು ಬೇಕು. ಅಲ್ಲಿಯವರೆಗೆ ಹುಲ್ಲು ಕತ್ತರಿಸುವ ಯಂತ್ರ ದೂರವಿರಲಿ. ಮೊಟ್ಟೆಗಳು ಹಾಳಾಗಿದ್ದರೂ ಕೋನ್‌ಗಳನ್ನು ಅಂದೇ ಎತ್ತಬೇಡಿ, ಜೋಡಿ ಆಸುಪಾಸಿನಲ್ಲೇ ಮತ್ತೊಮ್ಮೆ ಮೊಟ್ಟೆಯಿಡುವುದುಂಟು. ಮುಂದಿನ ಫೆಬ್ರುವರಿಯಲ್ಲಿ ಆವರಣದ ಕೆಲಸಗಳ ಪಟ್ಟಿ ತಯಾರಾಗುವಾಗ ಆ ಜಲ್ಲಿ ಜಾಗವನ್ನು ಬಿಟ್ಟುಬಿಡುವಂತೆ ಮೊದಲೇ ಬರೆಸಿಡಿ.