ಪಟ್ಟಿ ದೋಣಿಯ ನಕ್ಷೆ: ಕಾರಂಜಾಕ್ಕೊಂದು, ಕೃಷ್ಣೆಗೊಂದು

ಕಾಲಿಂಚು ದಪ್ಪದ ಸೀಡರ್ ಪಟ್ಟಿಗಳನ್ನು ಒಂದಕ್ಕೊಂದು ಅಂಟಿಸಿ, ಒಳಗೂ ಹೊರಗೂ ಗಾಜಿನ ನಾರಿನ (ಗ್ಲಾಸ್) ಬಟ್ಟೆ ಹೊದಿಸಿ ಎಪಾಕ್ಸಿ ಅಂಟು ಬಳಿದರೆ ಹದಿನಾರು ಅಡಿಯ ಕನೂ, ಅಂದರೆ ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿ, 22ರಿಂದ 27 ಕೆಜಿಯೊಳಗೆ ಮುಗಿಯುತ್ತದೆ. ಒಬ್ಬರೇ ಹೆಗಲ ಮೇಲೆ ಹೊತ್ತು ದಂಡೆಗೆ ಒಯ್ಯಬಹುದು. ಆದರೆ ಕೆಲಸ ತಿಂಗಳುಗಟ್ಟಲೆ ಹಿಡಿಯುತ್ತದೆ. ನಕ್ಷೆ ತಪ್ಪಿತೋ, ಅಷ್ಟೂ ಶ್ರಮ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಚಿತ್ರ ನೋಡಿ ಮನಸೋಲುವ ಮೊದಲು ದೋಣಿ ಯಾವ ನೀರಿಗೆ ಇಳಿಯುತ್ತದೆ ಅನ್ನುವುದನ್ನು ಇತ್ಯರ್ಥ ಮಾಡಿಕೊಳ್ಳಿ.

ಸಿಗುವ ನಕ್ಷೆಗಳಲ್ಲಿ ಹೆಚ್ಚಿನವು ಕೆನಡಾ, ಅಮೆರಿಕದವು. ಅಲ್ಲಿ ಎಷ್ಟೋ ಸರೋವರಗಳ ಸುತ್ತ ಕಾಡಿರುತ್ತದೆ, ಗಾಳಿಗೆ ಮರೆ ಸಿಗುತ್ತದೆ. ಬೀದರಿನ ಕಾರಂಜಾ, ಕಲಬುರಗಿಯ ಬೆಣ್ಣೆತೊರಾ ಹಿನ್ನೀರಿನ ಸುತ್ತ ಇರುವುದು ಹೊಲ ಮತ್ತು ಬಯಲು. ನಡು ನೀರಿನಲ್ಲಿ ಗಾಳಿ ಎದ್ದರೆ ತಡೆಯುವವರಿಲ್ಲ. ಹಾಗಾಗಿ ನಮ್ಮ ಕಡೆ ಮೊದಲು ನೋಡಬೇಕಾದ ಅಳತೆ ಉದ್ದವಲ್ಲ, ದೋಣಿಯ ಎತ್ತರ. ಹೆಸರುವಾಸಿಯಾದ ಪ್ರಾಸ್ಪೆಕ್ಟರ್ ಮಾದರಿಯನ್ನೇ ತೆಗೆದುಕೊಳ್ಳಿ. ಅದು ನದಿಯ ಮೇಲೆ ಭಾರ ಸಾಗಿಸುವ ದೋಣಿ: ನಡುವೆ 14–15 ಇಂಚು ಆಳ, ಮೂತಿ ಎತ್ತರ. ಖಾಲಿ ದೋಣಿಯಲ್ಲಿ ಒಬ್ಬರೇ ಹಿಂದೆ ಕೂತರೆ ಮುಂದಿನ ಮೂತಿ ಮೇಲೆದ್ದು ಹಾಯಿಯಂತೆ ಗಾಳಿ ಹಿಡಿಯುತ್ತದೆ. ಎಷ್ಟು ಹುಟ್ಟು ಹಾಕಿದರೂ ದೋಣಿ ಅಡ್ಡ ತಿರುಗುತ್ತದೆ. ಹಿನ್ನೀರಿಗೆ ನಡುವೆ 12–13 ಇಂಚು, ಮೂತಿಯಲ್ಲಿ 18–20 ಇಂಚು ಸಾಕು. ಆಷಾಢದ ಗಾಳಿಯಲ್ಲಂತೂ ಯಾವ ನಕ್ಷೆಯ ದೋಣಿಯನ್ನೂ ಇಳಿಸಬೇಡಿ.

ಎರಡನೆಯದು ತಳದ ಬಾಗು. ಇದಕ್ಕೆ ರಾಕರ್ ಅನ್ನುತ್ತಾರೆ. ದೋಣಿಯನ್ನು ಪಕ್ಕದಿಂದ ನೋಡಿದಾಗ ತಳದ ಗೆರೆ ಎರಡೂ ತುದಿಗೆ ಎಷ್ಟು ಮೇಲೇರುತ್ತದೆ ಎನ್ನುವ ಲೆಕ್ಕ. ತುದಿಗೆ ಒಂದೆರಡು ಸೆಂ.ಮೀ. ಇದ್ದರೆ ದೋಣಿ ನೆಟ್ಟಗೆ ಓಡುತ್ತದೆ. ಇದು ಕೆರೆ, ಹಿನ್ನೀರಿಗೆ. ನಾಲ್ಕೈದು ಸೆಂ.ಮೀ. ಇದ್ದರೆ ಬೇಗ ತಿರುಗುತ್ತದೆ. ತಿಂಥಣಿ ಕಡೆಯ ಕೃಷ್ಣೆಯಲ್ಲಿ ಬಂಡೆಗಳ ನಡುವೆ ನುಸುಳಲು ಅದು ಬೇಕು. ಎರಡೂ ಕಡೆ ಒಯ್ಯುವವರು ಎರಡೂವರೆ–ಮೂರರ ನಕ್ಷೆ ಹುಡುಕಲಿ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಅಂಬಿಗರನ್ನು ಕೇಳದೆ ಹೊಸ ಜಾಗದಲ್ಲಿ ಇಳಿಯಬಾರದು. ಲೈಫ್ ಜಾಕೆಟ್ ಅಂತೂ ಇರಲೇಬೇಕು.

ತಳದ ಆಕಾರ ಅರ್ಥವಾಗಲು ನಮ್ಮ ಹರಿಗೋಲಿಗಿಂತ ಒಳ್ಳೆಯ ಪಾಠವಿಲ್ಲ. ಚಪ್ಪಟೆ ತಳ, ಹೆಚ್ಚು ಅಗಲ. ಕಾಲಿಟ್ಟ ಕೂಡಲೇ ಗಟ್ಟಿ ಅನ್ನಿಸುತ್ತದೆ, ಆದರೆ ನೆಟ್ಟಗೆ ಹೋಗು ಅಂದರೆ ಸುತ್ತುತ್ತದೆ. ಚಪ್ಪಟೆ ತಳದ ಕನೂ ಕೂಡ ನಿಂತ ನೀರಿನಲ್ಲಿ ಸ್ಥಿರ. ಅಲೆ ಪಕ್ಕದಿಂದ ಬಂದಾಗ ಅಲೆಯ ಓರೆಗೇ ವಾಲಿ, ಒಂದು ಹದ ದಾಟಿದರೆ ಒಮ್ಮೆಲೇ ಮಗುಚುತ್ತದೆ. ತುಸು ಕಮಾನಿನ ತಳ ಹತ್ತುವಾಗ ಅಲುಗಾಡಿ ಹೆದರಿಸುತ್ತದೆ, ವಾಲಿದ ಮೇಲೆ ಆಧಾರ ಕೊಡುತ್ತದೆ. ಮೊದಲ ದೋಣಿಗೆ ಈ ತುಸು ಕಮಾನೇ ಇರಲಿ, ನೀರಿನ ಮಟ್ಟದಲ್ಲಿ ಅಗಲ 32–33 ಇಂಚು. ಪೂರ್ತಿ ದುಂಡು ತಳ ಪಂದ್ಯದವರಿಗೆ.

ಉದ್ದದ ವಿಷಯದಲ್ಲಿ ಜನ ಸುಮ್ಮನೆ ತಲೆ ಕೆಡಿಸಿಕೊಳ್ಳುತ್ತಾರೆ. ನೀರಿನ ಮಟ್ಟದ ಉದ್ದವನ್ನು ಅಡಿಯಲ್ಲಿ ಹಿಡಿದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಗರಿಷ್ಠ ವೇಗ ನಾಟ್‌ಗಳಲ್ಲಿ (ಒಂದು ನಾಟ್ ಅಂದರೆ ಗಂಟೆಗೆ 1.85 ಕಿ.ಮೀ.) ಬರುತ್ತದೆ. 14 ಅಡಿಗೆ ಗಂಟೆಗೆ ಸುಮಾರು 9.3 ಕಿ.ಮೀ., 16 ಅಡಿಗೆ 9.9. ರಟ್ಟೆಯ ಬಲದಲ್ಲಿ ದಿನವಿಡೀ ಸಾಗುವುದು ಐದಾರು ಕಿ.ಮೀ. ವೇಗದಲ್ಲಿ. ಅಂದರೆ ಹೆಚ್ಚಿನ ಉದ್ದ ಬೇಕಾಗುವುದು ವೇಗಕ್ಕಲ್ಲ, ಭಾರಕ್ಕೆ. 16 ಅಡಿಯ ದೋಣಿ ಸುಮಾರು 25 ಕೆಜಿಗೆ ಒಂದು ಸೆಂ.ಮೀ. ಇಳಿಯುತ್ತದೆ. ಇಬ್ಬರು, ಬುತ್ತಿ, ನೀರಿನ ಕ್ಯಾನು ಸೇರಿ 170 ಕೆಜಿ ಆದರೆ ಖಾಲಿ ದೋಣಿಗಿಂತ ಏಳು ಸೆಂ.ಮೀ. ಹೆಚ್ಚು ಮುಳುಗುತ್ತದೆ. ಇಬ್ಬರಿಗೆ 16, ಒಬ್ಬರಿಗೆ 13–14 ಅಡಿ. 17 ಅಡಿಯದಕ್ಕೆ ಕೈ ಹಾಕುವ ಮುನ್ನ ಕೋಣೆ ಅಳೆಯಿರಿ. ದೋಣಿಯ ಎರಡೂ ತುದಿಗೆ ಮೂರಡಿ ಬಿಡದಿದ್ದರೆ ಪಟ್ಟಿ ಹಿಡಿದು ತಿರುಗಲು ಆಗದು.

ಕಟ್ಟುವ ಕಷ್ಟವನ್ನೂ ನಕ್ಷೆಯಲ್ಲೇ ಓದಬಹುದು. ಮೇಲಂಚು ಒಳಕ್ಕೆ ಬಾಗಿದ ದೋಣಿ ನೋಡಲು ಚೆಂದ, ಹುಟ್ಟು ಹಾಕಲೂ ಸಲೀಸು. ಆದರೆ ಆ ತಿರುವಿನಲ್ಲಿ ಪಟ್ಟಿ ಒಂದೇ ಸಲಕ್ಕೆ ಬಾಗಬೇಕು, ತಿರುಚಬೇಕು. ಹೊಸಬರ ಕೈಯಲ್ಲಿ ಕೀಲು ಬಾಯಿ ಬಿಡುತ್ತದೆ. ಮೊದಲನೆಯದಕ್ಕೆ ನೇರ ಗೋಡೆ ಅಥವಾ ಹೊರಕ್ಕೆ ತುಸು ತೆರೆದ ಗೋಡೆ ಇರಲಿ. ನಮ್ಮ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಿರಿ: 25 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಕೆಲಸಕ್ಕೆ ಸಿಗುವ ಎಪಾಕ್ಸಿ 35 ಡಿಗ್ರಿಯಲ್ಲಿ ಹತ್ತು ನಿಮಿಷಕ್ಕೇ ಬಿಗಿಯುತ್ತದೆ. ತಿರುವು ಹೆಚ್ಚಿದಷ್ಟೂ ಬಟ್ಟೆ ಸುಕ್ಕು ಬಿಡಿಸುವ ಕೆಲಸ ಹೆಚ್ಚು. ಗ್ಲಾಸ್ ಹೊದಿಸುವುದನ್ನು ಡಿಸೆಂಬರ್–ಜನವರಿಗೆ ಇಟ್ಟುಕೊಳ್ಳಿ.

ಕಟ್ಟಿಗೆ ಅಡ್ಡೆಯಲ್ಲಿ ಸೀಡರ್ ಸಿಗಲಿಲ್ಲವೆಂದು ಸಾಗವಾನಿ ಹಾಕಿದರೆ ತೂಕ ಎಂಟೊಂಬತ್ತು ಕೆಜಿ ಏರುತ್ತದೆ. ಹೆಬ್ಬೇವು ಅದಕ್ಕಿಂತ ಹಗುರ. ಗಂಟಿಲ್ಲದ, ಚೆನ್ನಾಗಿ ಒಣಗಿದ ಹಲಗೆ ಆರಿಸಿ. ಅದು ಹಸಿಗೆ ತಡೆಯದು, ಆದ್ದರಿಂದ ಎಪಾಕ್ಸಿ ಒಂದೆಡೆಯೂ ಬಿಟ್ಟುಹೋಗಬಾರದು. 16 ಅಡಿಗೆ 19 ಮಿ.ಮೀ. ಅಗಲದ 70–75 ಪಟ್ಟಿ ಬೇಕು. ಹಲಗೆ ಗಿಡ್ಡವಿದ್ದರೆ ಒಂದಕ್ಕೆಂಟರ ಓರೆಯಲ್ಲಿ, ಅಂದರೆ 6 ಮಿ.ಮೀ. ಪಟ್ಟಿಗೆ 48 ಮಿ.ಮೀ. ಉದ್ದದ ಓರೆ ಕತ್ತರಿಸಿ ಜೋಡಿಸಿ.

ನಕ್ಷೆ ಕೈಗೆ ಬಂದ ಮೇಲೆ ಎರಡು ತಪ್ಪು ಕಾದಿರುತ್ತವೆ. ಅಳತೆಯ ಕೋಷ್ಟಕದಲ್ಲಿ 2-3-5 ಎಂದಿದ್ದರೆ ಎರಡಡಿ, ಮೂರಿಂಚು, ಎಂಟರಲ್ಲಿ ಐದು ಇಂಚು. ಆ ಅಳತೆ ದೋಣಿಯ ಹೊರಮೈಯದೋ, ಪಟ್ಟಿಗಳನ್ನು ಬಾಗಿಸಿ ಕೂರಿಸುವ ಅಚ್ಚಿನದೋ ನೋಡಿ. ಹೊರಮೈಯದಾದರೆ ಪಟ್ಟಿಯ ದಪ್ಪ 6 ಮಿ.ಮೀ. ಕಳೆಯಬೇಕು, ಮರೆತರೆ ದೋಣಿ 12 ಮಿ.ಮೀ. ಅಗಲವಾಗುತ್ತದೆ. ಎರಡನೆಯದು ಝೆರಾಕ್ಸ್. ದೊಡ್ಡ ಹಾಳೆಯಲ್ಲಿ ತೆಗೆಸಿದ ಪ್ರತಿ ಒಂದು ಶೇಕಡಾ ಕುಗ್ಗಿದರೂ 34 ಇಂಚಿನ ಅಗಲದಲ್ಲಿ ಎಂಟೂವರೆ ಮಿ.ಮೀ. ಹೋಯಿತು. ಅಡ್ಡಕ್ಕೂ ಉದ್ದಕ್ಕೂ ಉಕ್ಕಿನ ಸ್ಕೇಲ್ ಇಟ್ಟು ನೋಡಿ. ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಕುಗ್ಗಿರಬೇಕೆಂದಿಲ್ಲ.

ಪ್ಲೈವುಡ್‌ನಲ್ಲಿ ಅಚ್ಚು ಕೊಯ್ದು 30 ಸೆಂ.ಮೀ.ಗೊಂದರಂತೆ ನಿಲ್ಲಿಸಿದ ಮೇಲೂ ಅಂಟು ಮುಟ್ಟಬೇಡಿ. ಉದ್ದನೆಯ ಒಂದು ಪಟ್ಟಿಯನ್ನು ಅಚ್ಚುಗಳ ಮೇಲೆ ಬಾಗಿಸಿ, ಫರ್ಸಿ ನೆಲದ ಮೇಲೆ ಕೂತು ತುದಿಯಿಂದ ಒಂದೇ ಕಣ್ಣಲ್ಲಿ ನೋಡಿ. ಪಟ್ಟಿ ಒಂದು ಅಚ್ಚನ್ನು ಮುಟ್ಟದೆ ಮೂರು ಮಿ.ಮೀ. ಸಂದು ಬಿಟ್ಟರೆ ಆ ಅಚ್ಚು ಸಣ್ಣದಾಗಿದೆ, ಅಲ್ಲಿ ತೆಳು ಚಕ್ಕೆ ಅಂಟಿಸಿ. ಒಂದು ಅಚ್ಚಿನ ಮೇಲೆ ಪಟ್ಟಿ ಉಬ್ಬಿ ಎರಡೂ ಪಕ್ಕದಲ್ಲಿ ಸಂದು ಕಂಡರೆ ಉಬ್ಬಿದ್ದನ್ನೇ ಉಜ್ಜಿ ಇಳಿಸಿ. ಪಟ್ಟಿಯನ್ನು ಮೂರು ಎತ್ತರದಲ್ಲಿ ಇಟ್ಟು ಹೀಗೇ ನೋಡಿ, ಆಮೇಲೆ ಮೊದಲ ಪಟ್ಟಿಗೆ ಅಂಟು ಹಚ್ಚಿ.