ಡೈರೆಕ್ಟ್‌ಎಕ್ಸ್: ಗ್ರಾಫಿಕ್ಸ್, ಧ್ವನಿಯ ದೋಷ ಪತ್ತೆ ಹೇಗೆ?

ಗೇಮ್ ತೆರೆಯದಿದ್ದಾಗ ಅಥವಾ ವಿಡಿಯೊ ತಡವರಿಸಿದಾಗ ಹೊಸ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಹೊರಡುವ ಮುನ್ನ, ತಂತ್ರಾಂಶಕ್ಕೂ ಯಂತ್ರಾಂಶಕ್ಕೂ ನಡುವೆ ಕೆಲಸ ಮಾಡುವ ಪದರವನ್ನು ಪರೀಕ್ಷಿಸಬೇಕು. ವಿಂಡೋಸ್‌ನಲ್ಲಿ ಆ ಪದರವೇ ಡೈರೆಕ್ಟ್‌ಎಕ್ಸ್.

ವಿಂಡೋಸ್‌ಗೆ ಮುಂಚಿನ ಡಾಸ್ ಕಾರ್ಯಾಚರಣಾ ವ್ಯವಸ್ಥೆಯ ಕಾಲದಲ್ಲಿ ಪ್ರತಿಯೊಂದು ಗೇಮ್ ಸೌಂಡ್ ಕಾರ್ಡ್‌ನೊಂದಿಗೆ ನೇರವಾಗಿ ವ್ಯವಹರಿಸುತ್ತಿತ್ತು. ಕಾರ್ಡ್‌ನೊಂದಿಗಿನ ಸಂಪರ್ಕಕ್ಕೆ ಬೇಕಾದ ಪೋರ್ಟ್ ಮತ್ತು ಇಂಟರಪ್ಟ್ ಸಂಖ್ಯೆಗಳನ್ನು ಬಳಕೆದಾರರೇ ತುಂಬಬೇಕಾಗುತ್ತಿತ್ತು. ಒಂದು ಅಂಕಿ ತಪ್ಪಿದರೂ ಸದ್ದು ಹೊರಡುತ್ತಿರಲಿಲ್ಲ. 1995ರಲ್ಲಿ ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ಡೈರೆಕ್ಟ್‌ಎಕ್ಸ್ ಈ ಹೊರೆಯನ್ನು ಇಳಿಸಿತು. ಇಂದು ಗೇಮ್ ತನಗೆ ಬೇಕಾದ ಚಿತ್ರವನ್ನು ಡೈರೆಕ್ಟ್‌ಎಕ್ಸ್‌ನ ಚಿತ್ರ ವಿಭಾಗವಾದ ಡೈರೆಕ್ಟ್3ಡಿಗೆ ತಿಳಿಸುತ್ತದೆ; ಅದನ್ನು ನಿರ್ದಿಷ್ಟ ಕಾರ್ಡಿಗೆ ಅರ್ಥವಾಗುವ ಆದೇಶಗಳಾಗಿ ಬದಲಾಯಿಸುವುದು ಕಾರ್ಡ್ ತಯಾರಕರು ಬರೆದ ಡ್ರೈವರ್‌ನ ಕೆಲಸ. ಆದ್ದರಿಂದಲೇ ದೋಷವನ್ನು ಹುಡುಕುವಾಗ ಮೊದಲು ಡ್ರೈವರ್‌ನತ್ತ ನೋಡಬೇಕೆಂಬುದು ನನ್ನ ಸಲಹೆ.

ವಿಂಡೋಸ್ ಕೀಲಿಯೊಂದಿಗೆ ಆರ್ ಒತ್ತಿ, ತೆರೆದ ಪೆಟ್ಟಿಗೆಯಲ್ಲಿ ಡಿ, ಎಕ್ಸ್, ಡಿ, ಐ, ಎ, ಜಿ ಎಂಬ ಆರು ಇಂಗ್ಲಿಷ್ ಅಕ್ಷರಗಳನ್ನು ನಡುವೆ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿರಿ; ಡೈರೆಕ್ಟ್‌ಎಕ್ಸ್‌ನ ಪರೀಕ್ಷಾ ಸಾಧನ ತೆರೆದುಕೊಳ್ಳುತ್ತದೆ. ಮೊದಲ ಪುಟದಲ್ಲಿ 'ಡೈರೆಕ್ಟ್‌ಎಕ್ಸ್ 12' ಎಂದಿರಬಹುದು. ಬಹಳ ಮಂದಿ ಎಡವುವುದು ಇಲ್ಲಿಯೇ: ಅದು ವಿಂಡೋಸ್‌ನಲ್ಲಿರುವ ಆವೃತ್ತಿಯೇ ಹೊರತು ಕಾರ್ಡ್‌ನ ಸಾಮರ್ಥ್ಯವಲ್ಲ. ಸಾಮರ್ಥ್ಯವನ್ನು ತಿಳಿಯಲು ಡಿಸ್‌ಪ್ಲೇ ಪುಟದ 'ಫೀಚರ್ ಲೆವೆಲ್ಸ್' ಸಾಲನ್ನು ನೋಡಬೇಕು. ಅಲ್ಲಿ 11_0 ಗರಿಷ್ಠವಾಗಿದ್ದು, ಗೇಮ್ 12_0 ಕೇಳುತ್ತಿದ್ದರೆ, ಯಾವ ಸಾಫ್ಟ್‌ವೇರ್ ಅಪ್‌ಡೇಟ್‌ನಿಂದಲೂ ಪ್ರಯೋಜನವಾಗುವುದಿಲ್ಲ ಎನ್ನಬಹುದು, ಡ್ರೈವರ್ ಸರಿಯಾಗಿದ್ದ ಪಕ್ಷದಲ್ಲಿ. ಏಕೆಂದರೆ ಅದೇ ಪುಟದಲ್ಲಿ ಕಾರ್ಡ್‌ನ ಹೆಸರಿನ ಬದಲು 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಿದ್ದರೆ, ತಯಾರಕರ ಡ್ರೈವರ್ ಕೆಲಸ ಮಾಡುತ್ತಿಲ್ಲವೆಂದೇ ಅರ್ಥ; ಆಗ ಆ ಸಾಲು ಕಾರ್ಡ್‌ನ ನಿಜವಾದ ಸಾಮರ್ಥ್ಯವನ್ನು ತೋರಿಸದಿರಬಹುದು. ತಯಾರಕರ ಅಧಿಕೃತ ತಾಣದಿಂದ ಡ್ರೈವರನ್ನು ಇಳಿಸಿಕೊಂಡು ಸ್ಥಾಪಿಸಿ, ಕಂಪ್ಯೂಟರನ್ನು ಮರುಪ್ರಾರಂಭಿಸಿ, ಮತ್ತೆ ಪರೀಕ್ಷಿಸಿರಿ.

ಸೌಂಡ್ ಪುಟದಲ್ಲಿ ಸಾಧನದ ಹೆಸರನ್ನೂ ಡ್ರೈವರ್‌ನ ದಿನಾಂಕವನ್ನೂ ನೋಡಿದರೆ ಸಾಕು. ವಿಂಡೋಸ್ ವಿಸ್ಟಾದಿಂದೀಚೆಗೆ ವಿವಿಧ ತಂತ್ರಾಂಶಗಳ ಧ್ವನಿಯನ್ನು ಸಾಮಾನ್ಯವಾಗಿ ವಿಂಡೋಸ್ ತಾನೇ ಬೆರೆಸಿ ಸಾಧನಕ್ಕೆ ಕಳುಹಿಸುವುದರಿಂದ, ಸದ್ದು ಕೇಳಿಸದಿದ್ದಾಗ ಸೆಟ್ಟಿಂಗ್ಸ್‌ನಲ್ಲಿ ಬೇರೆ ಸ್ಪೀಕರ್ ಆಯ್ಕೆಯಾಗಿದೆಯೇ ಎಂಬುದನ್ನೂ ಪರಿಶೀಲಿಸಬೇಕು.

ಹಳೆಯ ಗೇಮ್ ಒಂದು 'ಡಿ3ಡಿಎಕ್ಸ್9' ಎಂದು ಆರಂಭವಾಗುವ ಫೈಲ್ ಸಿಗುತ್ತಿಲ್ಲವೆಂದು ದೂರಿದರೆ, ಆ ಒಂದು ಫೈಲನ್ನು ಅಪರಿಚಿತ ತಾಣಗಳಿಂದ ದಯವಿಟ್ಟು ಇಳಿಸಿಕೊಳ್ಳಬೇಡಿ. ಅದರೊಂದಿಗೆ ಕುತಂತ್ರಾಂಶವೂ ಒಳನುಗ್ಗಬಹುದು. ಈ ಹಳೆಯ ಫೈಲ್‌ಗಳು ಹೊಸ ವಿಂಡೋಸ್‌ನ ಜೊತೆಗೆ ಬರುವುದಿಲ್ಲ. ಅವೆಲ್ಲವನ್ನೂ ಒಳಗೊಂಡ, ಮೈಕ್ರೋಸಾಫ್ಟ್‌ನದೇ ಆದ 2010ರ ಜೂನ್ ತಿಂಗಳ ಡೈರೆಕ್ಟ್‌ಎಕ್ಸ್ ರನ್‌ಟೈಮ್ (ಗೇಮ್ ಓಡಲು ಬೇಕಾದ ಫೈಲ್‌ಗಳ ಕಟ್ಟು) ಅನ್ನು ಸ್ಥಾಪಿಸಬೇಕು. ಅದು ಈಗಿನ ಡೈರೆಕ್ಟ್‌ಎಕ್ಸ್ 12 ಅನ್ನು ಅಳಿಸದೆ, ಕೊರತೆಯಿರುವ ಫೈಲ್‌ಗಳನ್ನಷ್ಟೇ ಸೇರಿಸುತ್ತದೆ.