ಹೊಸಬರಿಗೆ ಮಾರ್ಗದರ್ಶಿ: ಗಂಡ ಅಥವಾ ಹೆಂಡತಿಯದು ವಿದೇಶಿ ಪಾಸ್‌ಪೋರ್ಟ್ ಆಗಿದ್ದರೆ

ಪುಣೆಗೆ ಬಂದ ಹೊಸದರಲ್ಲಿ ಎಲ್ಲರಿಗೂ ಬಾಡಿಗೆ ಮನೆ, ಶಾಲೆ, ಗ್ಯಾಸ್ ಇವೇ ಚಿಂತೆ. ಅವುಗಳ ಬಗ್ಗೆ ನಮ್ಮ ಕನ್ನಡ ಸಂಘದ ಬೇರೆಯವರು ಬರೆದಿದ್ದಾರೆ. ಈ ಭಾಗ ನನ್ನ ಪಾಲಿಗೆ ಬಂತು. ನಾನು ಧಾರವಾಡದವಳು, ನಮ್ಮ ಮನೆಯವರ ಪಾಸ್‌ಪೋರ್ಟ್ ಬೇರೆ ದೇಶದ್ದು. ಹಿಂಜವಡಿ, ವಾಕಡ್ ಕಡೆ ಈಗ ಇಂಥ ಕನ್ನಡ ಮನೆಗಳು ಜಾಸ್ತಿ ಆಗಿವೆ. ವಿದೇಶದಿಂದ ಸೊಸೆ, ಅಳಿಯ ಬಂದರೆ ಆರತಿ ಎತ್ತಿ ಒಳಗೆ ಕರೆದುಕೊಳ್ಳುತ್ತೇವೆ. ಅವರ ಪಾಸ್‌ಪೋರ್ಟಿನಲ್ಲಿ ಬಿದ್ದ ಸೀಲನ್ನು ಮಾತ್ರ ಯಾರೂ ನೋಡುವುದಿಲ್ಲ.

ಮೊದಲು ಆ ಸೀಲು

ವಿಮಾನ ಇಳಿದಾಗ ಇಮಿಗ್ರೇಷನ್ ಕೌಂಟರಿನಲ್ಲಿ ಪಾಸ್‌ಪೋರ್ಟಿಗೆ ಒಂದು ಸೀಲು ಹಾಕುತ್ತಾರೆ. ಅದರಲ್ಲಿ ತಾರೀಕು ಮತ್ತು ಊರು ಇರುತ್ತವೆ. ಈ ಮನುಷ್ಯ ಸರಿಯಾದ ದಾರಿಯಲ್ಲಿ ದೇಶದೊಳಗೆ ಬಂದಿದ್ದಾನೆ ಎನ್ನುವುದಕ್ಕೆ ಅದೇ ಪುರಾವೆ. ವೀಸಾ ಬೇರೆ, ಸೀಲು ಬೇರೆ. ಬರಲು ಅನುಮತಿ ಇತ್ತು ಎಂದು ವೀಸಾ ಹೇಳುತ್ತದೆ. ನಿಜವಾಗಿ ಬಂದಿದ್ದು ಯಾವತ್ತು, ಎಲ್ಲಿ ಎಂದು ಸೀಲು ಹೇಳುತ್ತದೆ. ಮುಂದೆ ವೀಸಾ ವಿಸ್ತರಣೆಗೋ ಪೌರತ್ವಕ್ಕೋ ಅರ್ಜಿ ಹಾಕುವಾಗ ಎರಡೂ ಬೇಕು.

ನಮ್ಮ ಪೌರತ್ವ ಕಾಯ್ದೆಯ ಪ್ರಕಾರ ಸರಿಯಾದ ಪಾಸ್‌ಪೋರ್ಟ್ ಮತ್ತು ದಾಖಲೆ ಇಲ್ಲದೆ ಬಂದವರು, ಅನುಮತಿ ಮುಗಿದ ಮೇಲೂ ಉಳಿದವರು ಸಾಮಾನ್ಯವಾಗಿ ಅಕ್ರಮ ವಲಸಿಗರು. ಅಂಥವರು ಭಾರತೀಯರನ್ನು ಮದುವೆಯಾದರೂ ಆ ಆಧಾರದ ಮೇಲೆ ಪೌರತ್ವ ಸಿಗುವುದಿಲ್ಲ. ಉಳಿದವರೂ ಅರ್ಜಿ ಹಾಕುವ ಮೊದಲು ಏಳು ವರ್ಷ ಇಲ್ಲಿ ವಾಸ ಮಾಡಿರಬೇಕು. ಅಂದರೆ ಕೊನೆಯ 12 ತಿಂಗಳು ಪೂರ್ತಿ ಇಲ್ಲೇ ಇರಬೇಕು. ಅದಕ್ಕೂ ಹಿಂದಿನ 8 ವರ್ಷಗಳಲ್ಲಿ ಒಟ್ಟು 6 ವರ್ಷ ಇಲ್ಲಿರಬೇಕು. ಈ ಲೆಕ್ಕ ಹಾಕುವಾಗ ಬಂದ ಸೀಲು, ಹೋದ ಸೀಲು ಎಲ್ಲವೂ ಬೇಕಾಗುತ್ತವೆ. ಒಸಿಐ ಕಾರ್ಡ್ (ಪೌರತ್ವ ಅಲ್ಲ, ವಿದೇಶಿ ಪಾಸ್‌ಪೋರ್ಟ್ ಇಟ್ಟುಕೊಂಡೇ ಇಲ್ಲಿ ಬಂದು ಇರಲು ಕೊಡುವ ಕಾರ್ಡ್) ಬೇಕಿದ್ದರೆ ಮದುವೆ ನೋಂದಣಿಯಾಗಿ ಎರಡು ವರ್ಷ ಆಗಿರಬೇಕು. ಅಲ್ಲಿಯವರೆಗೆ ಎಂಟ್ರಿ ವೀಸಾ (ಭಾರತೀಯರ ಗಂಡ ಅಥವಾ ಹೆಂಡತಿ ಇಲ್ಲಿರಲು ಪಡೆಯುವ ವೀಸಾ) ಮೇಲೆ ಇರಬೇಕಾಗುತ್ತದೆ. ಟೂರಿಸ್ಟ್ ವೀಸಾದಲ್ಲಿ ಬಂದು, ಅದರ ಅವಧಿಯೊಳಗೆ ಇಲ್ಲಿಯವರನ್ನು ಮದುವೆಯಾದವರು ಎಂಟ್ರಿ ವೀಸಾಗೆ ಬದಲಿಸಿಕೊಡಿ ಎಂದು ಕೇಳಬಹುದು. "ಅವಧಿಯೊಳಗೆ" ಎನ್ನುವ ಮಾತನ್ನು ದಯವಿಟ್ಟು ಎರಡು ಸಲ ಓದಿ.

ನಮ್ಮ ಮನೆಯಲ್ಲಿ ಆದದ್ದು

ಮದುವೆಯಾದ ಮಾರನೇ ವರ್ಷ ನಮ್ಮವರ ಪಾಸ್‌ಪೋರ್ಟಿನ ಅವಧಿ ಮುಗಿಯುತ್ತಾ ಬಂತು. ಅವರ ದೇಶದ ಕಚೇರಿಯಲ್ಲಿ ಹೊಸದು ಮಾಡಿಸಿದೆವು. ಹಳೆಯದನ್ನು ಅಲ್ಲೇ ಇಟ್ಟುಕೊಂಡರು. ನಾವೂ ಕೇಳಲಿಲ್ಲ. ಹೊಸ ಪುಸ್ತಕ ಕೈಗೆ ಬಂದ ಖುಷಿಯಲ್ಲಿ ಮನೆಗೆ ಬಂದೆವು. ವೀಸಾ ವಿಸ್ತರಣೆಗೆ ಅರ್ಜಿ ಹಾಕಿದಾಗ ಪ್ರಶ್ನೆ ಬಂತು: ಭಾರತಕ್ಕೆ ಬಂದ ಸೀಲಿನ ಪುಟ ಎಲ್ಲಿ? ಹೊಸ ಪಾಸ್‌ಪೋರ್ಟಿನಲ್ಲಿ ವೀಸಾನೂ ಇಲ್ಲ, ಸೀಲೂ ಇಲ್ಲ. ಮೊದಲ ಪುಟದ ಜೆರಾಕ್ಸ್ ಮನೆಯಲ್ಲಿ ಹತ್ತು ಇದ್ದವು. ಸೀಲಿನ ಪುಟದ್ದು ಒಂದೂ ಇರಲಿಲ್ಲ.

ಆಗ "ಎಲ್ಲಾ ನಾನು ನೋಡ್ಕೋತೀನಿ" ಎಂದ ಒಬ್ಬ ಏಜೆಂಟ್ ಹಣ ತೆಗೆದುಕೊಂಡು, ಬಂದ ತಾರೀಕನ್ನು ಅಂದಾಜಿನ ಮೇಲೆ ಬರೆದು ಕಳಿಸಿದ. ಅದು ವೀಸಾ ಅರ್ಜಿಯ ತಾರೀಕಿಗೆ ತಾಳೆಯಾಗಲಿಲ್ಲ. ಕಾಗದ ಇಲ್ಲದಿದ್ದರೆ ಕೇಳುತ್ತಾರೆ, ಅಷ್ಟೆ. ತಪ್ಪು ತಾರೀಕು ಕೊಟ್ಟರೆ ಅನುಮಾನ ಪಡುತ್ತಾರೆ. ಅದನ್ನು ಸರಿಪಡಿಸಲು ತಿಂಗಳುಗಟ್ಟಲೆ ಬೇಕಾಯಿತು. ಆ ದಿನಗಳಲ್ಲಿ ಬಾಗಿಲ ಬೆಲ್ ಆದರೂ ನನಗೆ ಎದೆ ಝಲ್ ಎನ್ನುತ್ತಿತ್ತು. ಕೊನೆಗೆ ಆ ಪುಟ ಸಿಕ್ಕಿದ್ದು ಧಾರವಾಡದಲ್ಲಿ. ಮದುವೆ ನೋಂದಣಿಗೆ ಕೊಟ್ಟ ಕಾಗದಗಳ ಜೊತೆ ನಮ್ಮ ವಕೀಲರು ಇಡೀ ಪಾಸ್‌ಪೋರ್ಟಿನ ಜೆರಾಕ್ಸ್ ಇಟ್ಟುಕೊಂಡಿದ್ದರು. ಆ ಹಿರಿಯರ ಅಚ್ಚುಕಟ್ಟಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ಅದರ ಜೊತೆ ವಿಮಾನದ ಟಿಕೆಟ್, ಬೋರ್ಡಿಂಗ್ ಪಾಸ್, ನಮ್ಮವರ ದೇಶದ ಕಚೇರಿಯಿಂದ ಹಳೆಯ ಪಾಸ್‌ಪೋರ್ಟಿನ ನಂಬರ್ ಬರೆದ ಪತ್ರ, ಇಷ್ಟನ್ನೂ ಕೊಟ್ಟ ಮೇಲೆ ಕೆಲಸ ಆಯಿತು.

ಅದಕ್ಕೇ ಹೇಳುತ್ತೇನೆ. ವಿಮಾನ ನಿಲ್ದಾಣದಿಂದ ಮನೆಗೆ ಬಂದ ದಿನವೇ ಪಾಸ್‌ಪೋರ್ಟಿನ ಎಲ್ಲಾ ಪುಟಗಳನ್ನೂ, ಖಾಲಿ ಪುಟವನ್ನೂ ಸೇರಿಸಿ ಸ್ಕ್ಯಾನ್ ಮಾಡಿ. ಸೀಲು ಮಸುಕಾಗಿದ್ದರೆ ಕೌಂಟರಿನಲ್ಲೇ ವಿನಯದಿಂದ ಕೇಳಿ, ಮನೆಗೆ ಬಂದ ಮೇಲೆ ಅಲ್ಲ. ಪಾಸ್‌ಪೋರ್ಟ್ ಹೊಸದು ಮಾಡಿಸುವಾಗ ಹಳೆಯದನ್ನು ವಾಪಸ್ ಕೊಡಿ ಎಂದು ಬರೆದು ಕೇಳಿ. ವೀಸಾ ವಿವರವನ್ನು ಹೊಸ ಪಾಸ್‌ಪೋರ್ಟಿಗೆ ಸೇರಿಸಲು ಇ-ಎಫ್‌ಆರ್‌ಆರ್‌ಒದಲ್ಲಿ (ವಿದೇಶಿಯರ ನೋಂದಣಿ ಕಚೇರಿಯ ಆನ್‌ಲೈನ್ ತಾಣ) ಕೂಡಲೇ ಅರ್ಜಿ ಹಾಕಿ. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರು, ಆಮೇಲೆ ಅವರ ದೇಶದ ಕಚೇರಿ, ಆಮೇಲೆ ಇ-ಎಫ್‌ಆರ್‌ಆರ್‌ಒ.

ನಮ್ಮವರಲ್ಲಿ ಒಂದು ಅಭ್ಯಾಸ ಇದೆ. ಯಾರೋ ಪರಿಚಯದವರು ಇದ್ದಾರೆ, ಹೇಳಿ ಮಾಡಿಸಿದರಾಯಿತು ಅಂದುಕೊಳ್ಳುತ್ತೇವೆ. ಊರಿನ ತಾಲ್ಲೂಕು ಕಚೇರಿಯಲ್ಲಿ ಅದು ನಡೆದಿರಬಹುದು. ಇದು ಆನ್‌ಲೈನ್ ಅರ್ಜಿ. ಮುಂದೆ ಹೋಗಿ ನಿಂತು ಕಷ್ಟ ಹೇಳಿಕೊಳ್ಳಲು ಎದುರಿಗೆ ಯಾರೂ ಇರುವುದಿಲ್ಲ, ನೀವು ಅಪ್‌ಲೋಡ್ ಮಾಡಿದ ಕಾಗದವೇ ಮಾತಾಡಬೇಕು. ದಯವಿಟ್ಟು ಏಜೆಂಟರ ಕೈಗೆ ಪಾಸ್‌ವರ್ಡ್ ಕೊಡಬೇಡಿ.

ಕಾನೂನೂ ಬದಲಾಗಿದೆ. 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಜಾರಿಯಲ್ಲಿದೆ. 1946ರ ವಿದೇಶಿಯರ ಕಾಯ್ದೆ ಸೇರಿ ನಾಲ್ಕು ಹಳೆಯ ಕಾಯ್ದೆಗಳು ರದ್ದಾಗಿವೆ. ಹತ್ತು ವರ್ಷದ ಹಿಂದೆ ಅರ್ಜಿ ಹಾಕಿದ ಮಾವನ ಸಲಹೆಯನ್ನು ಗೌರವದಿಂದ ಕೇಳಿ, ಫಾರ್ಮ್ ಮಾತ್ರ ಹೊಸದನ್ನೇ ನೋಡಿ. ಅದೇ ವರ್ಷದ ಅಕ್ಟೋಬರ್ 1ರಿಂದ ವಿದೇಶಿಯರಿಗೆ ಇ-ಅರೈವಲ್ ಕಾರ್ಡ್ ಬಂದಿದೆ. ಅದನ್ನು ತುಂಬಿದ ಮೇಲೆ ಬರುವ ಪ್ರತಿಯನ್ನೂ ಉಳಿಸಿಕೊಳ್ಳಿ.

ಹೆಸರಿನ ತಾಪತ್ರಯ

ಊರಲ್ಲಿ ನಮ್ಮ ಹೆಸರಿನ ಹಿಂದೆ ಒಂದು ಇನಿಷಿಯಲ್ ಇದ್ದರೆ ಸಾಕು. ಮಹಾರಾಷ್ಟ್ರದಲ್ಲಿ ಫಾರ್ಮ್ ತುಂಬುವವರು ನಡುವೆ ಅಪ್ಪನ ಅಥವಾ ಗಂಡನ ಹೆಸರು, ಕೊನೆಗೆ ಅಡ್ಡಹೆಸರು ಹಾಕಿಬಿಡುತ್ತಾರೆ. ವಿದೇಶಿ ಸೊಸೆಯ ಹೆಸರಿನ ನಡುವೆ ಗಂಡನ ಹೆಸರು ಸೇರಿತು ಎಂದರೆ ಅವಳ ಪಾಸ್‌ಪೋರ್ಟಿಗೂ ಮದುವೆ ಸರ್ಟಿಫಿಕೇಟಿಗೂ ಸಂಬಂಧವೇ ಇಲ್ಲದ ಹಾಗೆ ಆಗುತ್ತದೆ. ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಬರೆಯಿರಿ ಎಂದು ಪಟ್ಟು ಹಿಡಿಯಿರಿ. ಸಂಕೋಚ ಬೇಡ.

ಮದುವೆ ನೋಂದಣಿ

ದೇವಸ್ಥಾನದ ರಸೀದಿ, ಆಲ್ಬಂ, ಲಗ್ನಪತ್ರಿಕೆ ಸಾಲುವುದಿಲ್ಲ. ಇಬ್ಬರಲ್ಲಿ ಒಬ್ಬರಾದರೂ ಹಿಂದೂ ಅಲ್ಲದಿದ್ದರೆ 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮಾಡಿಸಿ. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದಿರಬೇಕು. ಆಮೇಲೆ ನೋಟಿಸ್ ಕೊಟ್ಟು ಇನ್ನೂ 30 ದಿನ ಕಾಯಬೇಕು. ಮೂರು ಜನ ಸಾಕ್ಷಿ. ವೀಸಾ ಮುಗಿಯುವ ದಿನ ನೋಡಿಕೊಂಡು ಮುಹೂರ್ತ ಇಡಿ ಎಂದು ಮನೆಯ ಹಿರಿಯರಿಗೂ ತಿಳಿಸಿ ಹೇಳಿ.

ವಿಳಾಸ

- ಬಾಡಿಗೆ ಮನೆಗೆ ನೋಂದಣಿಯಾದ ಲೀವ್ ಆ್ಯಂಡ್ ಲೈಸೆನ್ಸ್ ಕರಾರು. ಇಬ್ಬರ ಹೆಸರೂ ಇರಲಿ.
- ವಿದೇಶಿಯರು ಮನೆಗೆ ಬಂದ 24 ಗಂಟೆಯೊಳಗೆ ಮನೆಯವರು ಆನ್‌ಲೈನಿನಲ್ಲಿ ತಿಳಿಸಬೇಕು. ಎಲ್ಲರೂ ಸಿ ಫಾರ್ಮ್ ಎನ್ನುವುದು ಇದನ್ನೇ. ಅತ್ತೆ ಮನೆಯಾದರೂ ಸರಿ.
- ವೀಸಾ 180 ದಿನಕ್ಕಿಂತ ಹೆಚ್ಚಿನದಾದರೆ ನೋಂದಣಿ ಬೇಕೇ ಎಂದು ವೀಸಾ ಮೇಲೆ ಬರೆದದ್ದನ್ನು ಓದಿ. ಬೇಕಿದ್ದರೆ ಹೇಳಿದ ಅವಧಿಯೊಳಗೆ ಮಾಡಿಸಿ.
- ಹಿಂಜವಡಿ, ವಾಕಡ್ ಪುಣೆ ನಗರ ಪೊಲೀಸರಿಗೆ ಬರುವುದಿಲ್ಲ, ಪಿಂಪರಿ ಚಿಂಚವಡ ಕಮಿಷನರೇಟಿಗೆ ಬರುತ್ತವೆ. ಪೊಲೀಸ್ ಠಾಣೆಯ ಹೆಸರು ತಪ್ಪಬೇಡಿ.

ನೇಪಾಳದ ಸೊಸೆ, ಅಳಿಯ

ಇವರಿಗೆ ವೀಸಾ ಬೇಡ. ಸುನೌಲಿ ಗಡಿಯಿಂದ ಬಸ್ಸಿನಲ್ಲಿ ಬಂದರೆ ಸೀಲೂ ಇರುವುದಿಲ್ಲ. ತಪ್ಪೇನೂ ಇಲ್ಲ. ಮುಂದೆ ಪೌರತ್ವಕ್ಕೆ ಅರ್ಜಿ ಹಾಕುವಾಗ ಎಷ್ಟು ವರ್ಷದಿಂದ ಇಲ್ಲಿದ್ದಾರೆ ಎಂದು ತೋರಿಸುವುದೇ ಕಷ್ಟ. ನೇಪಾಳದ ಪೌರತ್ವ ಪತ್ರ, ಬಸ್ ಟಿಕೆಟ್, ಬಾಡಿಗೆ ಕರಾರು, ಬ್ಯಾಂಕ್ ಪಾಸ್‌ಬುಕ್, ಹೆರಿಗೆ ಆಸ್ಪತ್ರೆಯ ಕಾಗದ, ಎಲ್ಲವನ್ನೂ ಮೊದಲ ವರ್ಷದಿಂದಲೇ ಒಂದು ಫೈಲಿನಲ್ಲಿ ಹಾಕುತ್ತಾ ಬನ್ನಿ.

ಮಕ್ಕಳು ಅಮೆರಿಕದಲ್ಲಿದ್ದರೆ

ಮಕ್ಕಳು ಅಲ್ಲಿ ಮದುವೆಯಾಗಿ, ದೇಶದೊಳಗೆ ಬಂದ ದಾಖಲೆ ಸಿಗದಿದ್ದರೆ ಏನು ಮಾಡಬೇಕು ಎಂದು ತಂದೆತಾಯಿಯರು ಬಂದು ಕೇಳುತ್ತಾರೆ, ಅದಕ್ಕೆ ಎರಡು ಮಾತು. ಅಲ್ಲಿಯ ಪ್ರಜೆಯನ್ನು ಮದುವೆಯಾದವರು ವೀಸಾ ಅವಧಿ ಮೀರಿ ಉಳಿದಿದ್ದರೂ ಸಾಮಾನ್ಯವಾಗಿ ಅಲ್ಲಿಂದಲೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು. ಆದರೆ ಅಧಿಕಾರಿಯ ಎದುರು ನಿಂತು ಒಳಗೆ ಬಂದಿದ್ದಾರೆ ಎನ್ನುವುದಕ್ಕೆ ದಾಖಲೆ ಬೇಕು. ಅದು ಐ-94. ವಿಮಾನದಲ್ಲಿ ಹೋದವರಿಗೆ 2013ರಿಂದ ಅದು ಆನ್‌ಲೈನಿನಲ್ಲಿದೆ. ನಮ್ಮ ಹುಡುಗರಿಗೆ ಅದು ಸಿಗದಿರುವುದು ಹೆಚ್ಚಾಗಿ ಹೆಸರಿನಿಂದ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇದ್ದರೆ ಅಮೆರಿಕದ ವೀಸಾದಲ್ಲಿ ಖಾಲಿ ಜಾಗಕ್ಕೆ ಎಫ್‌ಎನ್‌ಯು (FNU, ಮೊದಲ ಹೆಸರು ಗೊತ್ತಿಲ್ಲ ಎಂದರ್ಥ) ಎಂದು ಹಾಕುತ್ತಾರೆ. ಹುಡುಕುವಾಗಲೂ ಹಾಗೇ ಹಾಕಿ ನೋಡಲಿ. ಇನ್ನು, ಮಗನ ಹಳೆಯ ಪಾಸ್‌ಪೋರ್ಟ್ ಊರಿನ ಟ್ರಂಕಿನಲ್ಲಿದ್ದರೆ ದಸರಾ ಸಾರಣೆಯಲ್ಲಿ ಎಸೆಯಬೇಡಿ.

ಸಂಘಕ್ಕೆ ಬರುವಾಗ ತರಬೇಕಾದದ್ದು

- ಹಳೆಯ ಮತ್ತು ಹೊಸ ಪಾಸ್‌ಪೋರ್ಟ್, ಎಲ್ಲಾ ಪುಟಗಳ ಪ್ರತಿ
- ವೀಸಾ ಅಥವಾ ಇ-ವೀಸಾ ಪ್ರಿಂಟ್
- ವಿಮಾನದ ಟಿಕೆಟ್, ಬೋರ್ಡಿಂಗ್ ಪಾಸ್
- ಮದುವೆ ನೋಂದಣಿ ಪತ್ರ
- ಬಾಡಿಗೆ ಕರಾರು, ಸಿ ಫಾರ್ಮ್ ಪ್ರತಿ
- ನಿಮ್ಮ ಅರ್ಜಿಗೆ ಇಲ್ಲಿಯವರೆಗೆ ಬಂದ ಪ್ರಶ್ನೆಗಳ ಪ್ರಿಂಟ್, ನೀವು ಕೊಟ್ಟ ಉತ್ತರದ ಜೊತೆ

ಗಂಡ ಹೆಂಡತಿ ಇಬ್ಬರೂ ಬನ್ನಿ. ಕನ್ನಡ ಬಾರದವರಿಗೆ ಕೂತು ತಿಳಿಸಿ ಹೇಳುವವರು ನಮ್ಮಲ್ಲಿದ್ದಾರೆ.